ಕಂಡಕ್ಟರ್ ಕಾಕಾ ಗೆದ್ದು ತಂದ ಪುಸ್ತಕಗಳು

ಲಕ್ಕುಂಡಿಯಲ್ಲಿ ಹುಟ್ಟಿದ ಮಕ್ಕಳಿಗೆ ಪ್ರಶ್ನೆಗೆ ಉತ್ತರ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮೂರು ಗದಗಿನಿಂದ ಹೊಸಪೇಟೆಗೆ ಹೋಗುವ ರಸ್ತೆಯಲ್ಲಿ, 12 ಕಿಲೋಮೀಟರ್ ದೂರದಲ್ಲಿದೆ. ಹಂಪಿಗೆ ಹೊರಟವರು ದಾರಿಯಲ್ಲಿ ಇಳಿಯುತ್ತಾರೆ, ಶಾಲೆಯ ಪ್ರವಾಸದ ಬಸ್ಸುಗಳು ಬರುತ್ತವೆ. ಬಂದವರು ಮೊದಲು ಕಣ್ಣಿಗೆ ಬಿದ್ದ ಹುಡುಗ ಹುಡುಗಿಯರನ್ನೇ ಕೇಳುತ್ತಾರೆ, "ಪುಟ್ಟಾ, ಇಲ್ಲಿ ಎಷ್ಟು ದೇವಸ್ಥಾನ ಇವೆ?" ಬ್ರಹ್ಮ ಜಿನಾಲಯದ ಕಟ್ಟೆಯ ಹತ್ತಿರ ಆಡುತ್ತಿದ್ದ ನಾವೆಲ್ಲ ಒಂದೇ ದನಿಯಲ್ಲಿ ಕೂಗುತ್ತಿದ್ದೆವು, "ನೂರಾ ಒಂದು ಗುಡಿ, ನೂರಾ ಒಂದು ಬಾವಿ ರೀ!" ಈ ಜಿನಾಲಯ ಕಟ್ಟಿಸಿದವರು ಯಾರು? ಅತ್ತಿಮಬ್ಬೆ. ಯಾವಾಗ? 1007. ಮುಸುಕಿನ ಬಾವಿಗೆ ಯಾವ ಕಡೆ ಹೋಗಬೇಕು? ಮಾಣಿಕೇಶ್ವರ ಗುಡಿಯ ಮಗ್ಗುಲಿಗೆ. ಕೇಳಿದವರು ಭೇಷ್ ಎಂದು ಬೆನ್ನು ತಟ್ಟಿ, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ನಾವು ಮತ್ತೆ ಆಟಕ್ಕೆ ಇಳಿಯುತ್ತಿದ್ದೆವು.

ನೂರಾ ಒಂದು ಎಂಬುದು ಊರಿನ ಪ್ರತೀತಿ, ಉಳಿದ ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಅತ್ತಿಮಬ್ಬೆ ಯಾರ ಮಗಳು, 1007 ಎಂದರೆ ಎಷ್ಟು ಹಿಂದೆ, ಆಗ ನಮ್ಮೂರು ಹೇಗಿತ್ತು ಎಂದು ಯಾರಾದರೂ ಮುಂದೆ ಕೇಳಿದ್ದರೆ ನಮ್ಮ ಬಾಯಿ ಕಟ್ಟುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಹಾಗೆ ಮುಂದೆ ಕೇಳಿದವನು ನನ್ನ ಕಾಕಾ, ಅಪ್ಪನ ಕೊನೆಯ ತಮ್ಮ.

ಕಾಕಾ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಕಂಡಕ್ಟರ್. ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ, ಇನ್ನೊಂದು ಪಾಳಿಯಲ್ಲಿ ಶಿರಹಟ್ಟಿ ಲಕ್ಷ್ಮೇಶ್ವರಗಳ ಕಡೆಗೆ ಅವನ ಬಸ್ಸು ಓಡುತ್ತಿತ್ತು. ಎಸ್ಸೆಸ್ಸೆಲ್ಸಿ ಆದಮೇಲೆ ಓದು ನಿಂತಿತ್ತು. ಓದುವ ಹಸಿವು ಮಾತ್ರ ನಿಂತಿರಲಿಲ್ಲ. ಎದೆಯ ಜೇಬಿನಲ್ಲಿ ಒಂದು ಪುಟ್ಟ ನೋಟುಬುಕ್ಕು ಸದಾ ಇರುತ್ತಿತ್ತು. ಬಸ್ಸಿನಲ್ಲಿ ಕೂತ ರೈತರು, ಮಾಸ್ತರರು, ಸಂತೆಗೆ ಹೊರಟ ಹೆಂಗಸರು, ಮಠದ ಜಂಗಮರು ಯಾರೇ ಆಗಲಿ, ಟಿಕೀಟು ಹರಿದು ಮುಗಿದ ಮೇಲೆ ಅವರ ಪಕ್ಕದಲ್ಲಿ ನಿಂತು ಅವರ ಊರಿನ ವಿಷಯ ಕೇಳುವುದು ಅವನ ರೂಢಿ. ಡಂಬಳದಲ್ಲಿ ಒಂದು ಕಾಲಕ್ಕೆ ಬೌದ್ಧರ ತಾರಾ ದೇವಿಯ ಗುಡಿ ಇತ್ತು, ಅದನ್ನು ಹೇಳುವ 1095ರ ಶಾಸನ ಇದೆ ಎಂಬುದು ಅವನಿಗೆ ತಿಳಿದದ್ದು ಹಾಗೆಯೇ. ಮುಂಡರಗಿ ಭೀಮರಾಯ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು ಕೊಪ್ಪಳದ ಕೋಟೆಯಲ್ಲಿ ಮಡಿದದ್ದನ್ನು ಅವನು ಪುಸ್ತಕದಲ್ಲಿ ಓದುವ ಮೊದಲು ಬಸ್ಸಿನಲ್ಲೇ ಕೇಳಿದ್ದ. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ, ಕವಿರಾಜಮಾರ್ಗ ತಿರುಳುಗನ್ನಡದ ನಾಡೆಂದು ಎಣಿಸುವ ಊರುಗಳಲ್ಲಿ ಅದೂ ಒಂದು ಎಂದು ಹೇಳಿಕೊಟ್ಟವರು, ಕಾಕಾನ ಮಾತಿನಲ್ಲಿ, "ಸೀಟ ನಂಬರ ಆರರ ಕನ್ನಡ ಮಾಸ್ತರು."

2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ 'ಥಟ್ ಅಂತ ಹೇಳಿ' ಕ್ವಿಜ್ ಶುರುವಾಯಿತು. ನಾನಾಗ ಹೈಸ್ಕೂಲಿನಲ್ಲಿದ್ದೆ. ರಾತ್ರಿ ಊಟ ಮುಗಿಸಿ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಕೂರುತ್ತಿದ್ದೆವು. ಅಜ್ಜಿ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು, ಅವ್ವ ಗೋಡೆಗೆ ಒರಗಿ ಕಾಲು ಚಾಚುತ್ತಿದ್ದಳು, ಅಪ್ಪ ಮಂಚದ ಮೇಲಿರುತ್ತಿದ್ದ. ಕಾಕಾನ ಪಾಳಿ ಮುಗಿದಿದ್ದರೆ ಅವನು ಟಿ.ವಿ.ಯ ತೀರ ಮುಂದೆ ಕೂರುತ್ತಿದ್ದ. ಡಾ. ನಾ. ಸೋಮೇಶ್ವರ ಅವರು ಮೂವರು ಸ್ಪರ್ಧಿಗಳಿಗೆ ಪ್ರಶ್ನೆ ಕೇಳುತ್ತಿದ್ದರು. ಅವರು ವೃತ್ತಿಯಿಂದ ವೈದ್ಯರು. ಕಾಯಿಲೆಯವರ ಹತ್ತಿರ ಸಮಾಧಾನದಿಂದ ಮಾತಾಡಿದ ಅಭ್ಯಾಸವೇ ಆ ದನಿಯಲ್ಲಿ ಇದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಉತ್ತರ ತಪ್ಪಿದವರನ್ನು ಅವರು ಸಣ್ಣವರನ್ನಾಗಿ ಮಾಡಿದ್ದನ್ನು ನಾನು ಕಂಡಿಲ್ಲ. ಸರಿಯೋ ತಪ್ಪೋ, ಉತ್ತರದ ಹಿಂದಿನ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳಿಯೇ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಬಹುಮಾನವಾಗಿ ಸಿಗುತ್ತಿದ್ದದ್ದು ಪುಸ್ತಕ, ಕನ್ನಡದ ಪುಸ್ತಕ. ಪುಸ್ತಕದ ಹೆಸರು, ಬರೆದವರ ಹೆಸರು ಎರಡನ್ನೂ ಹೇಳಿ ಕೊಡುತ್ತಿದ್ದರು.

ಆ ಕಾರ್ಯಕ್ರಮ ನಮ್ಮಂಥ ಮನೆಗಳಿಗೆ ಏನು ಮಾಡಿತು ಎಂಬುದನ್ನು ಸರಿಯಾಗಿ ಹೇಳಬೇಕೆಂದರೆ ಅದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಬೇಕು. ಕ್ವಿಜ್ ಎಂಬುದು ಅಲ್ಲಿಯವರೆಗೆ ನಮ್ಮದಾಗಿರಲಿಲ್ಲ. ಬೆಂಗಳೂರಿನಲ್ಲಿ 1983ರಲ್ಲೇ ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಅವರು ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಕಟ್ಟಿದ್ದರು. ಅದು ದೊಡ್ಡ ಕೆಲಸ, ದೇಶದ ಕ್ವಿಜ್ ನಕ್ಷೆಯಲ್ಲಿ ಬೆಂಗಳೂರನ್ನು ಮುಂದಕ್ಕೆ ತಂದ ಕೆಲಸ. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂತು. ಕಾಕಾ ಅದನ್ನು ಗದಗಿನಲ್ಲಿ ಗೆಳೆಯನ ಮನೆಯಲ್ಲಿ ನೋಡುತ್ತಿದ್ದನಂತೆ. ಎಲ್ಲ ಇಂಗ್ಲಿಷಿನಲ್ಲಿ, ಸ್ಪರ್ಧಿಗಳು ದೊಡ್ಡ ದೊಡ್ಡ ಕಾಲೇಜಿನವರು. "ಪ್ರಶ್ನೆ ತಿಳಿಯೂದ್ರಾಗ ಉತ್ತರ ಬಂದಬಿಡತಿತ್ತು" ಎನ್ನುತ್ತಿದ್ದ. ತಿಳಿದಿದ್ದ ಸಂಗತಿಯನ್ನೂ ತನ್ನದಲ್ಲದ ಭಾಷೆಯಲ್ಲಿ ಕೇಳಿದ್ದರಿಂದ ಹೇಳಲಾಗದೆ ಕೂತವರು ಈ ನಾಡಿನಲ್ಲಿ ಸಾವಿರಾರು ಜನ ಇದ್ದರು. ಅವರಲ್ಲಿ ನನ್ನ ಕಾಕಾ ಒಬ್ಬ.

2002ರಲ್ಲಿ ಇದು ತಿರುಗಿತು. ಗಾದೆ ಬಂತು, ವಚನ ಬಂತು, ಹಳೆಯ ಸಿನಿಮಾ ಹಾಡು ಬಂತು, ಗಿಡಮೂಲಿಕೆ ಬಂತು, ಲೆಕ್ಕ ಬಂತು, ವಿಜ್ಞಾನ ಬಂತು, ಎಲ್ಲ ನಮ್ಮ ಮಾತಿನಲ್ಲೇ. ಅಕ್ಷರ ಬಾರದ ಅಜ್ಜಿ ಗಾದೆಯ ಅರ್ಧ ಕೇಳುವಷ್ಟರಲ್ಲಿ ಇನ್ನರ್ಧ ಹೇಳಿಬಿಡುತ್ತಿದ್ದಳು. ಒಮ್ಮೆ ಬಿತ್ತನೆಯ ಮಳೆ ನಕ್ಷತ್ರದ ಪ್ರಶ್ನೆಗೆ ಅಲ್ಲಿದ್ದ ಮೂವರೂ ತಡವರಿಸುವಾಗ ಅಜ್ಜಿ ಶೇಂಗಾ ಕೈಯಲ್ಲೇ ಹಿಡಿದು ಉತ್ತರ ಹೇಳಿದಳು. ಆ ರಾತ್ರಿ ಅವಳ ಮುಖದಲ್ಲಿ ಕಂಡ ಗೆಲುವನ್ನು ನಾನು ಬೇರೆ ಯಾವ ಸ್ಪರ್ಧಿಯ ಮುಖದಲ್ಲೂ ಕಂಡಿಲ್ಲ. ಸಾಮಾನ್ಯ ಜ್ಞಾನ ಎಂಬ ಮಾತಿನಲ್ಲಿ ಅವಳೂ ಪಾಲುದಾರಳು ಎಂದು ಅವಳಿಗೆ ಮೊದಲ ಸಲ ಹೇಳಿದ್ದು ಆ ಪೆಟ್ಟಿಗೆ.

ಕಾಕಾ ಮನೆಯಲ್ಲಿ ಒಂದು ನಿಯಮ ಮಾಡಿದ. ಉತ್ತರ ಯಾರು ಮೊದಲು ಹೇಳಿದರೂ ಅದಕ್ಕೆ ಅರ್ಧ ಅಂಕ. "ಉತ್ತರ ಹೇಳಿದಿ, ಚಲೋ ಆತು. ಇನ್ನ ಅದರ ಮುಂದಿಂದು ಹೇಳು." ಮುಂದಿನದು ಹೇಳಿದರೆ ಮಾತ್ರ ಉಳಿದರ್ಧ. ರನ್ನ ಎಂದರೆ ಸಾಲದು, ಅವನು ಮುಧೋಳದ ಬಳೆಗಾರರ ಮನೆಯವನು ಎನ್ನಬೇಕು. ಅದೂ ಸಾಲದು, ತನಗೆ ಆಸರೆಯಾದ ಚಾವುಂಡರಾಯನ ಹೆಸರನ್ನು ಮಗನಿಗೂ ಅತ್ತಿಮಬ್ಬೆಯ ಹೆಸರನ್ನು ಮಗಳಿಗೂ ಇಟ್ಟ ಎನ್ನಬೇಕು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಯಾವ ಊರಲ್ಲಿ? ಕಣಗಿನಹಾಳ ಎಂದು ನಮ್ಮ ಜಿಲ್ಲೆಯ ಯಾವ ಮಗುವೂ ಹೇಳುತ್ತದೆ. 1905ರಲ್ಲಿ ಅದನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಹೇಳಿದರೂ ಕಾಕಾ ಬಿಡುತ್ತಿರಲಿಲ್ಲ. "ಯಾಕ ಕಟ್ಟಿದರು? ಸಾಲ ಕೊಡಾವ ಮೊದಲ ಯಾರಿದ್ದ? ಬಡ್ಡಿ ಎಷ್ಟ ಇದ್ದೀತು?" ಎಂದು ಕೇಳುತ್ತಿದ್ದ. ಆಗ ಅಪ್ಪ ಮಂಚದಿಂದ ಎದ್ದು ಕೂತು ತನ್ನ ಅಜ್ಜ ಸಾಲಕ್ಕೆ ಹೊಲ ಕಳೆದುಕೊಂಡ ಕಥೆ ತೆಗೆಯುತ್ತಿದ್ದ. ಟಿ.ವಿ.ಯಲ್ಲಿ ಕಾರ್ಯಕ್ರಮ ಮುಗಿದು ಎಷ್ಟೋ ಹೊತ್ತಾದರೂ ನಮ್ಮ ಪಡಸಾಲೆಯಲ್ಲಿ ಮುಗಿಯುತ್ತಿರಲಿಲ್ಲ.

ಕಾಕಾ ತಾನೂ ಹೋಗಬೇಕೆಂದು ಪತ್ರ ಬರೆದ. ಕರೆ ಬರುವ ಹೊತ್ತಿಗೆ ನಾನು ಗದಗಿನಲ್ಲಿ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದೆ. ಅಷ್ಟು ದಿನ ಅವನು ತಯಾರಿ ನಿಲ್ಲಿಸಿರಲಿಲ್ಲ. ವಾರದ ರಜೆಯ ದಿನ ಗದಗಿನ ಗ್ರಂಥಾಲಯದಲ್ಲಿ ಕೂರುತ್ತಿದ್ದ. ಗದಗಿಗೆ ಪುಸ್ತಕದ ನಂಟು ಹಳೆಯದು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಭಾರತ ಬರೆದ ಕಂಬವನ್ನು ಈಗಲೂ ತೋರಿಸುತ್ತಾರೆ. ಬಿ.ಜಿ. ಸಂಕೇಶ್ವರರ ಪ್ರಕಾಶನದ ನಿಘಂಟು ಉತ್ತರ ಕರ್ನಾಟಕದ ಶಾಲಾ ಮಕ್ಕಳ ಚೀಲದಲ್ಲಿ ಇರುತ್ತಿತ್ತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳಂತೂ ಮಠದಿಂದ ನೂರಾರು ಪುಸ್ತಕ ಪ್ರಕಟಿಸಿ 'ಪುಸ್ತಕದ ಸ್ವಾಮಿಗಳು' ಎಂದೇ ಹೆಸರಾದವರು. ಮಠದ ಪುಸ್ತಕಗಳನ್ನು ಕೊಳ್ಳಲು ಕಾಕಾ ತಿಂಗಳ ಪಗಾರದಲ್ಲಿ ಒಂದಿಷ್ಟು ತೆಗೆದಿಡುತ್ತಿದ್ದ. ಚಿಗವ್ವ ಇದಕ್ಕೆ ಒಮ್ಮೆಯೂ ಎದುರಾಡಲಿಲ್ಲ ಎಂಬುದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅವಳು ಹೊಲಿಗೆ ಯಂತ್ರ ತುಳಿದು ಮನೆ ಸರಿದೂಗಿಸಿದಳು.

ಬೆಂಗಳೂರಿಗೆ ಜೊತೆಗೆ ನನ್ನನ್ನೂ ಕರೆದೊಯ್ದ. ಸಂಜೆ ಗದಗಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದೊಳಗೆ ಸುತ್ತಿ ಬೆಳಿಗ್ಗೆ ಬೆಂಗಳೂರು ಮುಟ್ಟುವ ಗಾಡಿ ಅದು. ರಾತ್ರಿಯಿಡೀ ಕಾಕಾ ನಿದ್ದೆ ಮಾಡಲಿಲ್ಲ. ನೋಟುಬುಕ್ಕು ತೆರೆದು ಮುಚ್ಚಿ ಮಾಡುತ್ತಿದ್ದ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಎದುರಿನ ಸೀಟಿನವರಿಗೂ ಕೊಟ್ಟ. ಕೊಟ್ಟು, "ನಿಮ್ಮೂರು ಯಾವುದರೀ?" ಎಂದು ಕೇಳಿ ಮತ್ತೆ ಬರೆದುಕೊಳ್ಳತೊಡಗಿದ.

ಜೆ.ಸಿ. ನಗರದ ದೂರದರ್ಶನ ಕೇಂದ್ರದಲ್ಲಿ ನಾನು ಹೊರಗೇ ಕಾದೆ. ಅಲ್ಲಿ ಕಾಯುತ್ತಿದ್ದವರನ್ನು ನೋಡಿದ್ದೇ ನನಗೆ ದೊಡ್ಡ ಪಾಠವಾಯಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಹಾಸನದ ಕಡೆಯ ಒಬ್ಬ ಗೃಹಿಣಿ, ಇಂಜಿನಿಯರಿಂಗ್ ಓದುವ ಹುಡುಗ, ಅಂಗಡಿ ಇಟ್ಟುಕೊಂಡವರು, ಮಾಸ್ತರರು. ಒಬ್ಬರಿಗೊಬ್ಬರು ಎದುರಾಳಿಗಳಾಗಬೇಕಾದವರು ತಾವು ತಂದ ಪ್ರಶ್ನೆಗಳನ್ನು ಪರಸ್ಪರ ಕೇಳಿಕೊಳ್ಳುತ್ತಿದ್ದರು. ತನಗೆ ಗೊತ್ತಿದ್ದುದನ್ನು ಅಡಗಿಸಿ ಇಟ್ಟುಕೊಂಡವರು ಒಬ್ಬರೂ ಕಾಣಲಿಲ್ಲ. ಆ ಗೃಹಿಣಿ, "ಅಣ್ಣಾ, ನಿಮ್ಮ ಕಡೆ ಅತ್ತಿಮಬ್ಬೆ ಗುಡಿ ಇದ್ಯಂತಲ್ಲ, ಸ್ವಲ್ಪ ಹೇಳಿ" ಎಂದು ಕೇಳಿದರು. ಕಾಕಾ ತನ್ನ ಸರದಿ ಬರುವವರೆಗೂ ಲಕ್ಕುಂಡಿಯನ್ನು ಅವರಿಗೆ ತಿರುಗಾಡಿಸಿ ತೋರಿಸಿದ. ಕಾಶಿವಿಶ್ವನಾಥನ ಬಾಗಿಲವಾಡದ ಕೆತ್ತನೆ, ನನ್ನೇಶ್ವರ, ಛಬ್ಬೀರ ಬಾವಿ, ಕನ್ನೇರ ಬಾವಿ, ಒಂದು ಕಾಲಕ್ಕೆ ಇಲ್ಲಿದ್ದ ಟಂಕಸಾಲೆ, ಹೊಯ್ಸಳ ವೀರಬಲ್ಲಾಳ ಇಲ್ಲಿ ನೆಲೆ ಮಾಡಿಕೊಂಡದ್ದು, ವಚನಕಾರ್ತಿ ಮುಕ್ತಾಯಕ್ಕ ಮತ್ತು ಅವಳ ಅಣ್ಣ ಅಜಗಣ್ಣ ಎಲ್ಲರೂ ಆ ಕಾಯುವ ಕೋಣೆಗೆ ಬಂದು ಹೋದರು.

ಒಳಗೆ ಅವನಿಗೆ ಗದಗ ಜಿಲ್ಲೆಯ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ. ಆದರೆ ಹಿಮಾಲಯವನ್ನು ದಾಟಿ ವಲಸೆ ಬರುವ ಹಕ್ಕಿಯ ಪ್ರಶ್ನೆ ಬಂತು. ಉಳಿದಿಬ್ಬರೂ ಸುಮ್ಮನಿದ್ದಾಗ ಕಾಕಾ "ಪಟ್ಟೆತಲೆ ಹೆಬ್ಬಾತು" ಎಂದ. ಅದನ್ನು ಅವನು ಗ್ರಂಥಾಲಯದಲ್ಲಿ ಓದಿರಲಿಲ್ಲ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಆ ಬಾತುಗಳು ಬರುತ್ತವೆ. ಮಾಗಡಿಯ ರೈತನೊಬ್ಬ ಬಸ್ಸಿನಲ್ಲಿ ಅವುಗಳ ವಿಷಯ ಹೇಳಿದ್ದ. ರಾತ್ರಿ ಹೊಲಕ್ಕಿಳಿದು ಬೆಳೆ ಮೇಯುತ್ತವೆ, ಆದರೂ ದೂರದಿಂದ ಬಂದ ಅತಿಥಿಗಳೆಂದು ಊರವರು ಹೊಡೆಯುವುದಿಲ್ಲ ಎಂದಿದ್ದನಂತೆ. ಕಾಕಾ ಮೂವರಲ್ಲಿ ಮೊದಲಿಗನಾಗಲಿಲ್ಲ. ಹೊರಗೆ ಬಂದಾಗ ಅವನ ಕೈಯಲ್ಲಿ ಪುಸ್ತಕಗಳ ಕಟ್ಟಿತ್ತು, ಮುಖದಲ್ಲಿ ಸಂತೋಷ ಇತ್ತು. "ಮಾಗಡಿ ಅಣ್ಣಗ ಒಂದ ಪುಸ್ತಕ ಕೊಡಬೇಕವಾ" ಎಂದದ್ದೇ ಮೊದಲ ಮಾತು. ಹೇಳಿದಂತೆ ಕೊಟ್ಟ ಕೂಡ.

ಅದು ಟಿ.ವಿ.ಯಲ್ಲಿ ಬಂದ ರಾತ್ರಿ ನಮ್ಮ ಪಡಸಾಲೆ ತುಂಬಿ ಕಟ್ಟೆಯವರೆಗೆ ಜನ ಕೂತಿದ್ದರು. ಡಿಪೋದಿಂದ ಚಾಲಕರು, ಕಂಡಕ್ಟರುಗಳು ಬಂದಿದ್ದರು. ಒಬ್ಬ ಹಿರಿಯ ಚಾಲಕರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ಟಿಕೀಟ ಟಿಕೀಟ ಅನ್ನೂ ದನಿ ಟಿ.ವಿ.ಯಾಗ ಕೇಳಿ ನಮ್ಮ ಖಾಕಿಗೆ ಒಂದ ಮರ್ಯಾದಿ ಬಂತು."

ಕಾಕಾ ತಂದ ಪುಸ್ತಕಗಳು ಸುಮ್ಮನೆ ಮಾಡದಲ್ಲಿ ಕೂರಲಿಲ್ಲ. ಕಾರಂತರ ಒಂದು ಕಾದಂಬರಿ, ತೇಜಸ್ವಿಯವರ ಒಂದು ಪುಸ್ತಕ, ವಚನಗಳ ಮೇಲಿನ ಒಂದು, ಆರೋಗ್ಯದ್ದೊಂದು. ಓಣಿಯವರು ಒಬ್ಬೊಬ್ಬರಾಗಿ ಕೇಳಿಕೊಂಡು ಬಂದರು. ಒಯ್ದವರ ಹೆಸರನ್ನು ಕಾಕಾ ಟಿಕೀಟು ಬರೆದಂತೆ ಬರೆದಿಟ್ಟುಕೊಳ್ಳುತ್ತಿದ್ದ. ಮರಳಿ ತಂದವರಿಗೆ ಅದೇ ಪ್ರಶ್ನೆ, "ಓದಿದಿ? ಅದರ ಮುಂದಿಂದು ಹೇಳು." ಹಿಂದಿನ ಓಣಿಯ ಒಬ್ಬ ಹುಡುಗಿ ಎಲ್ಲ ಪುಸ್ತಕ ಓದಿ ಮುಗಿಸಿ ಇನ್ನಷ್ಟು ಬೇಕೆಂದು ಬಂದಾಗ ಕಾಕಾ ಅವಳನ್ನು ಗದಗಿನ ಗ್ರಂಥಾಲಯಕ್ಕೆ ಕರೆದೊಯ್ದು ಸದಸ್ಯಳನ್ನಾಗಿ ಮಾಡಿಸಿದ. ಅವಳು ಈಗ ನರ್ಸ್. ಊರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಒಂದು ಪುಸ್ತಕ ತಂದುಕೊಡುತ್ತಾಳೆ.

ಇಲ್ಲಿ ಹಣದ ಮಾತನ್ನೂ ಆಡಬೇಕು. 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ 'ಕೌನ್ ಬನೇಗಾ ಕರೋಡ್‌ಪತಿ' ತಂದಾಗ ಕ್ವಿಜ್ ಎಂದರೆ ಒಂದು ಕೋಟಿ ಎಂದಾಯಿತು. 2011ರಲ್ಲಿ ಬಿಹಾರದ ಸುಶೀಲ್ ಕುಮಾರ್ ಐದು ಕೋಟಿ ಗೆದ್ದ ಸುದ್ದಿ ನಮ್ಮ ಸಂತೆಯಲ್ಲೂ ಓಡಾಡಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿದಾಗ ಊರಿನ ಹುಡುಗರೆಲ್ಲ ಮೊಬೈಲು ಹಿಡಿದು ಕೂತರು. ಪುನೀತ್ ಸ್ಪರ್ಧಿಗಳ ಕಷ್ಟ ಕೇಳುತ್ತಿದ್ದ ರೀತಿ, ಅವರ ಮನೆಯವರ ಜೊತೆ ನಗುತ್ತಿದ್ದ ರೀತಿ ನಮಗೆಲ್ಲ ಇಷ್ಟವಾಗಿತ್ತು. ಮಗಳ ಮದುವೆ, ಮುರಿದ ಮನೆ, ಆಸ್ಪತ್ರೆಯ ಖರ್ಚು ಇರುವವರಿಗೆ ಲಕ್ಷ ರೂಪಾಯಿ ಎಂದರೆ ಏನು ಎಂದು ಗೊತ್ತಿರುವ ಊರು ನಮ್ಮದು. ಹಣದ ಬಹುಮಾನವನ್ನು ನಾನು ಹಗುರವಾಗಿ ನೋಡಲಾರೆ.

ಆದರೂ ಬಹುಮಾನ ಬದಲಾದರೆ ಆಟದ ಸ್ವಭಾವವೂ ಬದಲಾಗುತ್ತದೆ. ಅಮೆರಿಕದಲ್ಲಿ 1956ರಲ್ಲಿ 'ಟ್ವೆಂಟಿ ವನ್' ಎಂಬ ಟಿ.ವಿ. ಕ್ವಿಜ್ ಶುರುವಾಯಿತು. ಚಾರ್ಲ್ಸ್ ವಾನ್ ಡೋರನ್ ಎಂಬ ಕಾಲೇಜು ಅಧ್ಯಾಪಕ ವಾರವಾರವೂ ಗೆದ್ದು ದೇಶಕ್ಕೆಲ್ಲ ಕಣ್ಮಣಿಯಾದ. ಉತ್ತರಗಳನ್ನು ತನಗೆ ಮೊದಲೇ ಕೊಡಲಾಗುತ್ತಿತ್ತು ಎಂದು 1959ರಲ್ಲಿ ಅವನೇ ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಒಪ್ಪಿಕೊಂಡ. ದೊಡ್ಡ ಮೊತ್ತ, ನೋಡುಗರ ಸಂಖ್ಯೆ, ಜಾಹೀರಾತು ಸೇರಿದಾಗ ತಿಳಿವಳಿಕೆಯನ್ನೇ ನಟಿಸಲು ಜನ ಸಿದ್ಧರಾದರು. ಕೋಟಿ ಇರುವ ಕಡೆ ಉತ್ತರ ಬಂದೊಡನೆ ಕೆಲಸ ಮುಗಿಯುತ್ತದೆ, ಎಲ್ಲರ ಕಣ್ಣೂ ಮುಂದಿನ ಮೊತ್ತದ ಮೇಲೆ. ಪುಸ್ತಕ ಕೊಟ್ಟರೆ ಕೆಲಸ ಶುರುವಾಗುತ್ತದೆ. ಗೆದ್ದವನು ಮನೆಗೆ ಹೋಗಿ ಅದನ್ನು ತೆರೆಯಬೇಕು. ಎರಡು ದಶಕ ದಾಟಿ, ಮೂರು ಸಾವಿರಕ್ಕೂ ಹೆಚ್ಚು ಕಂತುಗಳಾಗಿ, ಅದೇ ಪುಸ್ತಕದ ಬಹುಮಾನದೊಂದಿಗೆ ಒಂದು ಕ್ವಿಜ್ ಸರ್ಕಾರಿ ವಾಹಿನಿಯಲ್ಲಿ ನಡೆದದ್ದು ಕನ್ನಡದ ದೊಡ್ಡ ಸಾಧನೆಗಳಲ್ಲಿ ಒಂದು ಎಂದೇ ನನ್ನ ತೀರ್ಮಾನ.

ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ನಮ್ಮೂರಿನ ಜಿನಾಲಯ ಕಟ್ಟಿಸಿದ ಹೆಣ್ಣುಮಗಳು ಇದ್ದಾಳೆ. ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವರು ಯಾರು? ಇದು ಕ್ವಿಜ್ ಪುಸ್ತಕಗಳಲ್ಲಿ ತಪ್ಪದೆ ಇರುವ ಪ್ರಶ್ನೆ. ಅತ್ತಿಮಬ್ಬೆ ಎಂದು ನಾವು ಒಂದು ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಒಂದು ರಾತ್ರಿ ಕಾಕಾ ಈ ಉತ್ತರಕ್ಕೂ ಅರ್ಧ ಅಂಕವನ್ನೇ ಕೊಟ್ಟು, ಮರುದಿನ ನಿವೃತ್ತ ಕನ್ನಡ ಮಾಸ್ತರರೊಬ್ಬರನ್ನು ಮನೆಗೆ ಕರೆತಂದ. ಮಾಸ್ತರರು ಅವ್ವ ಕೊಟ್ಟ ಚಹಾ ಆರುವವರೆಗೂ ಹೇಳಿದರು.

ಪೊನ್ನ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದ ಕವಿ. ಅವನಿಂದ ಶಾಂತಿಪುರಾಣ ಬರೆಸಿದವರು ಮಲ್ಲಪಯ್ಯ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು, ತಮ್ಮ ಗುರು ಜಿನಚಂದ್ರರ ನೆನಪಿಗಾಗಿ. ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಅವಳ ಗಂಡ ನಾಗದೇವ ಚಾಲುಕ್ಯರ ದಂಡನಾಯಕ, ಯುದ್ಧದಲ್ಲಿ ಸತ್ತ. ಅವನನ್ನೇ ಮದುವೆಯಾಗಿದ್ದ ಅವಳ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಎಳೆಯ ಮಗ ಅಣ್ಣಿಗನನ್ನು ಇಟ್ಟುಕೊಂಡು ಅತ್ತಿಮಬ್ಬೆ ಉಳಿದಳು. ಉಳಿದು ಏನು ಮಾಡಿದಳು? ರನ್ನನಿಂದ ಅಜಿತಪುರಾಣ ಬರೆಸಿದಳು, ಬಸದಿ ಕಟ್ಟಿಸಿದಳು, ಅಪ್ಪ ಬರೆಸಿದ ಕಾವ್ಯ ಕಳೆದುಹೋಗಬಾರದೆಂದು ಅದರ ಸಾವಿರ ಪ್ರತಿ ಮಾಡಿಸಿದಳು.

"ಸಾವಿರ ಪ್ರತಿ ಅಂದ್ರ ಏನಂತ ತಿಳದಿ?" ಮಾಸ್ತರರು ನನ್ನನ್ನೇ ಕೇಳಿದರು. ಆಗ ಅಚ್ಚಿನ ಯಂತ್ರ ಇರಲಿಲ್ಲ, ಕಾಗದ ಇರಲಿಲ್ಲ. ತಾಳೆಯ ಗರಿ ತರಬೇಕು, ಒಂದೇ ಅಳತೆಗೆ ಕತ್ತರಿಸಬೇಕು, ಕುದಿಸಿ ಒಣಗಿಸಿ ಉಜ್ಜಿ ನುಣುಪು ಮಾಡಬೇಕು. ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಗರಿ ಹರಿಯಬಾರದು. ಕೊರೆದದ್ದು ಕಾಣುವಂತೆ ಮಸಿ ಸವರಿ ಒರೆಸಬೇಕು, ತೂತು ಮಾಡಿ ದಾರ ಪೋಣಿಸಬೇಕು, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟಬೇಕು. ಇದು ಒಂದು ಪ್ರತಿಯ ಕೆಲಸ. ಒಂದು ಇಡೀ ಚಂಪೂ ಕಾವ್ಯವನ್ನು ಹೀಗೆ ಸಾವಿರ ಸಲ ಮಾಡಿಸಬೇಕೆಂದರೆ ಎಷ್ಟು ಲಿಪಿಕಾರರು, ಎಷ್ಟು ತಿಂಗಳ ಊಟ, ಎಷ್ಟು ಗರಿ, ಎಷ್ಟು ದೀಪದ ಎಣ್ಣೆ! ಕಾಕಾ ನೋಟುಬುಕ್ಕು ತೆರೆದು ಲೆಕ್ಕ ಹಾಕಲು ಹೋಗಿ, ಪೆನ್ನು ಕೆಳಗಿಟ್ಟು ಸುಮ್ಮನೆ ಕೂತ. ಮರುದಿನ ನಾವಿಬ್ಬರೂ ಬ್ರಹ್ಮ ಜಿನಾಲಯಕ್ಕೆ ಹೋಗಿ ಶಾಸನದ ಕಲ್ಲಿನ ಮುಂದೆ ನಿಂತೆವು. ಸಣ್ಣಂದಿನಿಂದ ಅದರ ಸುತ್ತ ಓಡಾಡಿದ್ದ ನಾನು ಅಂದು ಮೊದಲ ಸಲ ಅಕ್ಷರ ಕೂಡಿಸಿ ಓದಲು ನೋಡಿದೆ. ನಾಲ್ಕಾರು ಅಕ್ಷರ ಹತ್ತಿದವು. ಆ ನಾಲ್ಕಾರು ಅಕ್ಷರದ ಬೆನ್ನು ಹಿಡಿದು ಮುಂದೆ ನಾನು ಕನ್ನಡ ಎಂ.ಎ. ಓದಿದೆ.

ಈಗ ನಾನು ಮುಂಡರಗಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿಯುವ ಮುನ್ನ ಕ್ವಿಜ್ ನಡೆಸುತ್ತೇನೆ, ಕಾಕಾನ ನಿಯಮದಲ್ಲೇ. ಉತ್ತರಕ್ಕೆ ಅರ್ಧ, ಮುಂದಿನದಕ್ಕೆ ಅರ್ಧ. ಮಕ್ಕಳ ಮೊಬೈಲಿನಲ್ಲಿ ಈಗ ಯಾವ ಉತ್ತರವಾದರೂ ಕ್ಷಣದಲ್ಲಿ ಸಿಗುತ್ತದೆ. ಆದ್ದರಿಂದಲೇ ಆ ಎರಡನೆಯ ಅರ್ಧದ ಬೆಲೆ ನಮ್ಮ ಕಾಲಕ್ಕಿಂತ ಹೆಚ್ಚಾಗಿದೆ ಎಂದು ನನಗೆ ತರಗತಿಯಲ್ಲಿ ನಿಂತಾಗಲೆಲ್ಲ ಕಾಣುತ್ತದೆ. ಕಪ್ಪತಗುಡ್ಡದ ಗಾಳಿಯಂತ್ರಗಳ ಬಗ್ಗೆ ಕೇಳಿದಾಗ ಒಬ್ಬ ಹುಡುಗ ಉತ್ತರ ಹೇಳಿ, ಮುಂದಿನದಾಗಿ, ಅಲ್ಲಿ ತನ್ನ ಅಜ್ಜ ಔಷಧಿ ಬೇರು ಕೀಳಲು ಹೋಗುತ್ತಿದ್ದ ಜಾಗಗಳನ್ನೂ ಆ ಬೇರುಗಳ ಹೆಸರನ್ನೂ ಹೇಳಿದ. ತರಗತಿ ಪೂರ್ತಿ ಕಿವಿಯಾಗಿತ್ತು. ಆ ಹೆಸರುಗಳನ್ನು ನಾನು ಬರೆದುಕೊಂಡೆ.

ಕಾಕಾ ನಿವೃತ್ತನಾಗಿದ್ದಾನೆ. ಮನೆಯ ಪುಸ್ತಕಗಳು ಮಾಡ ದಾಟಿ ಎರಡು ಕಪಾಟು ತುಂಬಿವೆ. ಪ್ರವಾಸಿಗರು ಎಷ್ಟು ಗುಡಿ ಎಂದು ಮಕ್ಕಳನ್ನು ಕೇಳುವುದೂ ನಿಂತಿಲ್ಲ, ಮಕ್ಕಳು ನೂರಾ ಒಂದು ಎಂದು ಕೂಗುವುದೂ ನಿಂತಿಲ್ಲ.

ಓದುವ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ, ನವೆಂಬರ್ 1ಕ್ಕೆ ನಿಮ್ಮೂರಿನ ಶಾಲೆಯಲ್ಲಿ ಗೆದ್ದ ಮಕ್ಕಳಿಗೆ ಸ್ಟೀಲಿನ ಬಟ್ಟಲು, ಪ್ಲಾಸ್ಟಿಕ್ಕಿನ ಡಬ್ಬಿ, ಫಲಕ ಕೊಡುತ್ತಾರೆ. ಈ ಸಲ ನೀವೇ ಹೆಡ್ ಮಾಸ್ತರರ ಹತ್ತಿರ ಹೋಗಿ, ಬಹುಮಾನಕ್ಕೆ ಒಂದಿಷ್ಟು ಕನ್ನಡ ಪುಸ್ತಕ ಕೊಡುತ್ತೇನೆ ಎಂದು ಹೇಳಿ. ದೊಡ್ಡ ಪುಸ್ತಕ ಬೇಡ, ಆ ವಯಸ್ಸಿನವರು ಓದಿ ಮುಗಿಸುವಂಥದ್ದು ಸಾಕು. ಮೊದಲ ಪುಟದಲ್ಲಿ ಮಗುವಿನ ಹೆಸರನ್ನು ನಿಮ್ಮ ಕೈಯಿಂದಲೇ ಬರೆದು ಕೊಡಿ. ಒಂದು ತಿಂಗಳು ಬಿಟ್ಟು ಮತ್ತೆ ಆ ಶಾಲೆಗೆ ಹೋಗಿ, ಓದಿದ್ದರಲ್ಲಿ ಏನಿತ್ತು ಎಂದು ಆ ಮಗುವನ್ನು ಕೇಳಿ.